ಒಂದೇ ಬೆಲೆಗೆ ಒಂದೇ ಗುಟ್ಟು

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ದಿನಗಳಲ್ಲಿ ನಾನು ದಿನಚರಿ ಬರೆಯುತ್ತಿದ್ದದ್ದು ನಿಜ. ಆದರೆ ಅದು ತಮಿಳಿನಲ್ಲಿದೆ, ಸಿಟ್ಟು ಬಂದ ದಿನಗಳಲ್ಲಿ ಉದ್ದವಾಗಿ, ಉಳಿದ ದಿನಗಳಲ್ಲಿ ಒಂದೇ ಸಾಲಿಗೆ ಮುಗಿದಿದೆ. ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಆಡಿಕೊಂಡು ಬಂದ ಕನ್ನಡಕ್ಕೆ ಅಕ್ಷರವೂ ಇದೆಯೆಂದು ನಾನು ಕಲಿತದ್ದು ಮೈಸೂರಿನಲ್ಲಿ ಗಣಿತದ ಎಂ.ಎಸ್ಸಿ. ಓದುವಾಗ. ಒಂದು ಮಾತಿನಲ್ಲಿ ನಡೆದದ್ದನ್ನು ಇನ್ನೊಂದರಲ್ಲಿ ಗುರುತು ಹಾಕಿಕೊಂಡು ಈಗ ಮತ್ತೆ ಮೊದಲಿನದಕ್ಕೆ ತರುವಾಗ ಏನೇನು ಸೋರಿಹೋಗುತ್ತದೋ ಗೊತ್ತಿಲ್ಲ. ಅದು ತೊಂಬತ್ತೆಂಟರ ಕೊನೆಯೋ ಮರುವರ್ಷದ ಮೊದಲೋ ಎಂಬುದೂ ಖಚಿತವಿಲ್ಲ. ಹೊಟ್ಟೆಕಿಚ್ಚು ಮಾತ್ರ ಖಚಿತ. ಅದಕ್ಕೆ ದಿನಚರಿಯ ಸಾಕ್ಷಿ ಬೇಕಿಲ್ಲ.

ಹೊಟ್ಟೆಕಿಚ್ಚು ನನ್ನ ಚಿಕ್ಕಪ್ಪನ ಮಗಳ ಮೇಲೆ. ಅವಳು ನನಗಿಂತ ಚಿಕ್ಕವಳು, ನಾನೇ ಭಾಗಾಕಾರ ಹೇಳಿಕೊಟ್ಟವಳು. ಕೊಯಮತ್ತೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ ಬಂದು, ತೇನಿಯಲ್ಲಿ ನಾನು ಕೆಲಸ ಮಾಡುತ್ತಿದ್ದ ಕಂಪ್ಯೂಟರ್ ಸೆಂಟರಿಗೇ ಸೇರಿದಳು. ನಾನು ಅಲ್ಲಿ ಶಾಲೆ ಮುಗಿಸಿದ ಹುಡುಗಿಯರಿಗೆ ಟೈಪಿಂಗ್, ಲೆಕ್ಕದ ಪ್ಯಾಕೇಜು ಕಲಿಸುತ್ತಿದ್ದೆ. ಅವಳು ಬಂದ ವಾರದಲ್ಲೇ ಮಾಲೀಕರು ಪ್ರೋಗ್ರಾಂ ಬರೆಯುವ ಕೆಲಸವನ್ನು ಅವಳಿಗೆ ಕೊಟ್ಟರು. ಸೆಂಟರಿನಲ್ಲಿದ್ದ, ಗಾಲಿ ಹಚ್ಚಿದ ಒಂದೇ ತಿರುಗು ಕುರ್ಚಿಯನ್ನೂ ಕೊಟ್ಟರು. ನಮ್ಮ ಬೀದಿಯಲ್ಲಿ ಅವಳು ‘ಎಂಜಿನಿಯರಮ್ಮ’ ಆದಳು. ನಾನು ‘ಟೀಚರಮ್ಮ’ನಾಗಿಯೇ ಉಳಿದೆ. ಕಾಫಿ ಲೋಟ ಕೈಲಿ ಹಿಡಿದು, ಒಂದು ಕಾಲಿನಿಂದ ನೆಲ ಒದ್ದು ಆ ಕುರ್ಚಿಯಲ್ಲಿ ಅವಳು ಮೇಜಿನಿಂದ ಪ್ರಿಂಟರಿನವರೆಗೆ ತೇಲಿಹೋಗುವುದನ್ನು ನಾನು ಎಷ್ಟು ಸಲ ನೋಡಿದ್ದೇನೆಂದರೆ, ಇವತ್ತಿಗೂ ಆ ಗಾಲಿಯ ಕಿರಗುಟ್ಟುವಿಕೆ ಕಿವಿಯಲ್ಲಿದೆ.

ಅವಳು ಮಾಡಿದ ದೊಡ್ಡ ಕೆಲಸವೆಂದರೆ ಓಡೈಪಟ್ಟಿಯ ದ್ರಾಕ್ಷಿ ಬೆಳೆಗಾರರ ಸಂಘದ ಪ್ರೋಗ್ರಾಂ. ಅಲ್ಲಿ ಒಂದೊಂದು ಬಾವಿಯ ಸುತ್ತಿನ ತೋಟದವರು ಸೇರಿ ಒಂದು ಗುಂಪು. ಪ್ರತಿ ಗುಂಪೂ ನಾಳೆಯ ಹಣ್ಣಿಗೆ ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲವೆಂದು ಹಿಂದಿನ ಸಂಜೆಯೇ ಒಂದು ಕನಿಷ್ಠ ಬೆಲೆ ನಿಶ್ಚಯಿಸಬೇಕು. ಬೆಳಿಗ್ಗೆ ಮಧುರೆ, ದಿಂಡಿಗಲ್, ಕೇರಳದ ವ್ಯಾಪಾರಿಗಳು ಹರಾಜಿನಲ್ಲಿ ಬೆಲೆ ಕೂಗುತ್ತಾರೆ. ಕೂಗು ಮುಗಿದ ಮೇಲೆ ಕನಿಷ್ಠ ಬೆಲೆ ಹೊರಗೆ ಬರುತ್ತದೆ. ಅದಕ್ಕಿಂತ ಕೆಳಗೆ ನಿಂತ ಕೂಗು ಬಿದ್ದುಹೋಗುತ್ತದೆ. ತಮ್ಮ ಮುಖ ನೋಡಿಕೊಂಡು ಬೆಳೆಗಾರರು ಬೆಳಿಗ್ಗೆ ಬೆಲೆ ಏರಿಸುತ್ತಾರೆಂಬುದು ವ್ಯಾಪಾರಿಗಳ ದೂರು. ಸಂಜೆಯೇ ಯಾರೋ ಬೆಲೆ ಹೊರಗೆ ಬಿಡುತ್ತಾರೆಂಬುದು ಬೆಳೆಗಾರರ ದೂರು.

ನನ್ನ ತಂಗಿಯ ಉಪಾಯ ಎರಡಕ್ಕೂ ಉತ್ತರವಾಗಿತ್ತು. ಸಂಜೆ ಗುಂಪಿನ ಹಿರಿಯ ಒಬ್ಬನೇ ಯಂತ್ರದ ಮುಂದೆ ಕೂತು ಬೆಲೆ ಒತ್ತುತ್ತಾನೆ. ಯಂತ್ರ ಅದನ್ನು ಗೂಢಲಿಪಿಗೆ ತಿರುಗಿಸಿ ಎರಡು ಸಾಲಿನ ಅರ್ಥವಿಲ್ಲದ ಅಕ್ಷರಗಳಾಗಿ ಅಚ್ಚು ಹಾಕುತ್ತದೆ. ಚೀಟಿಯನ್ನು ಎಲ್ಲರ ಎದುರು ಬೋರ್ಡಿಗೆ ಅಂಟಿಸುತ್ತಾರೆ. ಅಂಟಿಸಿದ್ದನ್ನು ಬದಲಿಸುವಂತಿಲ್ಲ, ಓದುವಂತೆಯೂ ಇಲ್ಲ. ಬೆಳಿಗ್ಗೆ ಕೂಗಾದ ಮೇಲೆ ಕಾರ್ಯದರ್ಶಿ ಕೀಲಿಯಿರುವ ಫ್ಲಾಪಿ ತಂದು ಅದನ್ನು ಎಲ್ಲರ ಮುಂದೆ ಬಿಡಿಸುತ್ತಾನೆ. ಆಗ ಬ್ಯಾಂಕುಗಳೂ ಬಳಸುತ್ತಿದ್ದ ಡಿ.ಇ.ಎಸ್. ಎಂಬ ಸೂತ್ರವನ್ನು ಅವಳು ಆರಿಸಿಕೊಂಡಿದ್ದಳು.

ಇದು ಎಷ್ಟು ಹೆಸರಾಯಿತೆಂದರೆ, ದಿಂಡಿಗಲ್ಲಿನ ತರಕಾರಿ ಮಂಡಿಯವರು ನಮಗೂ ಬೇಕೆಂದು ಬಂದರು. ಮಾಲೀಕರು ಅಲ್ಲೊಂದು ಶಾಖೆ ತೆರೆಯಲು ನಿರ್ಧರಿಸಿದರು. ಶಾಖೆ ನೋಡಿಕೊಳ್ಳುವವರು ನಮ್ಮಿಬ್ಬರಲ್ಲಿ ಒಬ್ಬರು. ಯಾರೆಂದು ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಹೇಳುವ ಅಗತ್ಯವೂ ಇರಲಿಲ್ಲ. ನನಗೆ ಆ ಕೆಲಸ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ಓಡೈಪಟ್ಟಿಯಿಂದ ದೂರು ಬಂತು. ವ್ಯಾಪಾರಿಗಳ ಕೂಗು ದಿನವೂ ಕನಿಷ್ಠ ಬೆಲೆಯನ್ನು ಮುಟ್ಟಿ, ಅದಕ್ಕಿಂತ ಒಂದು ಕೂದಲೆಳೆ ಮೇಲೆ ನಿಂತುಬಿಡುತ್ತಿದೆ. ಗುಟ್ಟು ಹೊರಗೆ ಹೋಗುತ್ತಿದೆ. ಸಂಘದ ಅಧ್ಯಕ್ಷರು ನಮಗೆ ದೂರದ ನೆಂಟರು, ಮಾಮ ಎಂದು ಕರೆಯುತ್ತಿದ್ದೆವು. ಅವರು ಫೋನಿನಲ್ಲಿ ಮಾಲೀಕರಿಗೆ ತಮಿಳಿನಲ್ಲಿ ಬೈದು, ಆಮೇಲೆ ಫೋನನ್ನು ನನಗೆ ಕೊಡಿಸಿ, ಹುಡುಗಿಯರನ್ನೆಲ್ಲ ಕರೆಯುವಂತೆ ‘ಪುಳ್ಳೆ’ ಎಂದು ಕರೆದು, ನಮ್ಮ ಮಾತಿನಲ್ಲಿ ಹೇಳಿದರು:

“ಏನ್ ಪುಳ್ಳೆ, ನಿಮ್ ಡಬ್ಬಿ ನಮ್ ಹೊಟ್ಟೇಲಿರಾದ್ನೆಲ್ಲ ಯಾಪಾರಿ ಕಿವೀಲಿ ಊದ್ತಾ ಅದೆ. ಮನುಸ ಊದಿದ್ರೆ ಹಿಡ್ಕೊಂಡು ಕೇಳಬೋದು. ಇದನ್ನ ಏನು ಕೇಳಾದು?”

ಮಾಲೀಕರು ತಪಾಸಣೆಯನ್ನು ನನಗೆ ಒಪ್ಪಿಸಿದರು. ಬರೆದವರೇ ನೋಡಿದರೆ ಕಾಣುವುದಿಲ್ಲ ಎಂದರು. ದಿನಚರಿಯಲ್ಲಿ ಆ ದಿನ ಉದ್ದವಾಗಿದೆ, ಆದರೆ ಸಿಟ್ಟಿನಿಂದಲ್ಲ.

ಮೊದಲು ನಾನು ಸೂತ್ರದ ಮೇಲೇ ಬಿದ್ದೆ. ಆ ವರ್ಷ ಅಮೆರಿಕದಲ್ಲಿ ಯಾರೋ ಅದಕ್ಕೆಂದೇ ಯಂತ್ರ ಕಟ್ಟಿ, ಕೀಲಿಗಳನ್ನು ಒಂದೊಂದಾಗಿ ಹಾಕಿ ನೋಡಿ ಈ ಸೂತ್ರದ ಗುಟ್ಟು ಬಿಡಿಸಿದರೆಂದು ಪತ್ರಿಕೆಯಲ್ಲಿ ಓದಿದ್ದೆ. ಆ ಹಾಳೆ ಹುಡುಕಿ ತೆಗೆದೆ. ಕೀಲಿಯ ಉದ್ದ ಸಾಲದು, ಹಳೆಯ ಸೂತ್ರ ಆರಿಸಿದ್ದೇ ತಪ್ಪು ಎಂದು ನಾಲ್ಕು ಪುಟ ಟೈಪು ಮಾಡಿದೆ. ಆ ಪುಟಗಳಲ್ಲಿ ಅವಳ ಹೆಸರಿಲ್ಲ, ಆದರೆ ಪ್ರತಿ ವಾಕ್ಯವೂ ಅವಳ ಕಡೆಗೇ ತಿರುಗಿ ನಿಂತಿತ್ತು. ಮಾಲೀಕರು ಓದಿ ಕೇಳಿದರು, “ಸರಿಯಮ್ಮ, ಆ ಯಂತ್ರ ಓಡೈಪಟ್ಟಿಯಲ್ಲಿ ಯಾರ ಮನೆಯಲ್ಲಿದೆ?”

ಅವಳು ಆಚೆ ಮೇಜಿನಲ್ಲಿ ತಲೆ ತಗ್ಗಿಸಿ ನಗು ತಡೆದುಕೊಂಡದ್ದು ನನಗೆ ಕಂಡಿತು. ಅಥವಾ ನಕ್ಕಳೆಂದು ನಾನೇ ಅಂದುಕೊಂಡಿರಬಹುದು.

ಆಮೇಲೆ ಕೀಲಿಯ ಮೇಲೆ ಅನುಮಾನ ಪಟ್ಟೆ. ಕಾರ್ಯದರ್ಶಿಯ ಫ್ಲಾಪಿಯನ್ನು ಯಾರೋ ನಕಲು ಮಾಡಿಕೊಂಡಿರಬೇಕು. ಓಡೈಪಟ್ಟಿಗೆ ಹೋಗಿ ಹೊಸ ಕೀಲಿ ಹಾಕಿ, ಹಳೆಯ ಫ್ಲಾಪಿಯನ್ನು ಅಲ್ಲೇ ಮುರಿದೆ. ಆ ಸಂಜೆ ಬೋರ್ಡಿನ ಮುಂದೆ ಒಬ್ಬ ವ್ಯಾಪಾರಿಯ ಗುಮಾಸ್ತ ನಿಂತು ಚೀಟಿಗಳ ಅಕ್ಷರಗಳನ್ನು ಬರೆದುಕೊಳ್ಳುತ್ತಿದ್ದ. ಪ್ರತಿ ಚೀಟಿಯಲ್ಲೂ ಎರಡನೆಯ ಸಾಲು ಮಾತ್ರ. ಬರೆದುಕೊಂಡು ಮಾಡುವುದೇನು ಪಾಪ, ಎಂದು ನಾನು ಮನಸ್ಸಿನಲ್ಲೇ ನಕ್ಕೆ.

ಕೆಲವು ದಿನ ಎಲ್ಲ ಸರಿಹೋಯಿತು. ಕೂಗು ಏರಿತು. ಮಾಮ ಒಂದು ಬುಟ್ಟಿ ಪನ್ನೀರು ಜಾತಿಯ ದ್ರಾಕ್ಷಿ ಕಳಿಸಿದರು, ನನ್ನ ಹೆಸರಿಗೆ. ಅದನ್ನು ನಾನು ಅವಳ ಮೇಜಿನ ಮೇಲೇ ಬಿಚ್ಚಿದೆ.

“ತಗಳೇ, ತಿನ್ನು,” ಎಂದೆ.

“ಹುಳಿ ಅದೆ ಅಕ್ಕಾ,” ಎಂದಳು. ಹುಳಿಯಿರಲಿಲ್ಲ.

ಬುಟ್ಟಿ ಖಾಲಿಯಾಗಿ ಒಂದು ವಾರವೂ ಕಳೆದಿರಲಾರದು, ಕೂಗು ಮತ್ತೆ ಕನಿಷ್ಠ ಬೆಲೆಗೆ ಬಂದು ಅಂಟಿಕೊಂಡಿತು. ಒಂದೇ ದಿನಕ್ಕಲ್ಲ, ಇವತ್ತು ಒಂದು ಗುಂಪಿನದು, ನಾಳೆ ಇನ್ನೊಂದರದು, ಹೀಗೆ ಮೆಲ್ಲಗೆ. ಇದು ನನ್ನನ್ನು ಕಾಡಿತು. ಕೀಲಿ ಕದ್ದವನಿಗೆ ಎಲ್ಲ ಬಾಗಿಲೂ ಒಂದೇ ದಿನ ತೆರೆಯಬೇಕು. ಇವನು ಯಾವ ಕಳ್ಳ, ದಿನಕ್ಕೊಂದಿಷ್ಟು ಕಲಿಯುತ್ತಾ ಬರುವವನು?

ಮಾಮ ಸಂಘದ ಸಭೆ ಕರೆದರು. ಯಂತ್ರ ಇಟ್ಟುಕೊಳ್ಳಬೇಕೋ ಎತ್ತಿಹಾಕಬೇಕೋ ಎಂದು ಅಲ್ಲೇ ತೀರ್ಮಾನ. ದಿಂಡಿಗಲ್ಲಿನವರೂ ಆ ಸುದ್ದಿಗೆ ಕಾಯುತ್ತಿದ್ದರು. ಯಂತ್ರ ಹೊರಗೆ ಬಿದ್ದರೆ ಶಾಖೆಯೂ ಇಲ್ಲ.

ಸಭೆಯ ಹಿಂದಿನ ದಿನ ಮಧ್ಯಾಹ್ನ, ತರಗತಿ ಇಲ್ಲದ ಹೊತ್ತಿನಲ್ಲಿ, ಪ್ರೋಗ್ರಾಮಿನ ನಕಲನ್ನು ನನ್ನ ಯಂತ್ರಕ್ಕೆ ಹಾಕಿಕೊಂಡು ಬೆಲೆಗಳನ್ನು ಒತ್ತುತ್ತಾ ಕೂತೆ. ಒಂದು ಬೆಲೆ ಒತ್ತಿದಾಗ ಕೈತಪ್ಪಿತೇನೋ ಎನಿಸಿ ಅದನ್ನೇ ಇನ್ನೊಮ್ಮೆ ಒತ್ತಿದೆ. ಅದೇ ಅಕ್ಷರಗಳು ಬಂದವು. ಸದ್ಯ, ತಪ್ಪಿಲ್ಲ ಎಂದು ಸಮಾಧಾನವಾಯಿತು. ಆ ಸಮಾಧಾನವನ್ನು ನಾನು ಈಗಲೂ ನಂಬಲಾರೆ, ಏಕೆಂದರೆ ಅದು ಕೆಲವು ನಿಮಿಷವಾದರೂ ಇತ್ತು. ಗಣಿತ ಓದಿದ ನಾನು, ಒಂದೇ ಬೆಲೆಗೆ ಒಂದೇ ಗೂಢಲಿಪಿ ಬಂದದ್ದನ್ನು ನೋಡಿ ನೆಮ್ಮದಿಯಾಗಿ ಕೂತಿದ್ದೆ.

ಆಮೇಲೆ ಗುಮಾಸ್ತ ನೆನಪಾದ.

ಈ ಸೂತ್ರ ಅಕ್ಷರಗಳನ್ನು ಎಂಟೆಂಟರ ತುಂಡು ಮಾಡಿಕೊಳ್ಳುತ್ತದೆ. ಪ್ರತಿ ತುಂಡನ್ನೂ ಅದರ ಹಿಂದಿನ ತುಂಡಿನ ಗೂಢಲಿಪಿಯೊಂದಿಗೆ ಬೆರೆಸಿ ಆಮೇಲೆ ಮುಚ್ಚುತ್ತದೆ. ಮೊದಲ ತುಂಡಿಗೆ ಹಿಂದಿನದು ಇಲ್ಲವಾದ್ದರಿಂದ, ಬೆರೆಸಲು ಸಲಸಲಕ್ಕೂ ಬೇರೆಯಾದ, ಊಹಿಸಲಾಗದ ಒಂದು ಆರಂಭದ ತುಂಡು ಕೊಡಬೇಕು. ಆಗ ಒಂದೇ ಬೆಲೆ ಇವತ್ತೊಂದು ವೇಷದಲ್ಲಿ, ನಾಳೆ ಇನ್ನೊಂದು ವೇಷದಲ್ಲಿ ಬರುತ್ತದೆ. ಪ್ರೋಗ್ರಾಮಿನಲ್ಲಿ ಆ ಸಾಲು ಹುಡುಕಿದೆ. ಆರಂಭದ ತುಂಡಿನ ಜಾಗದಲ್ಲಿ ಎಂಟು ಸೊನ್ನೆಗಳಿದ್ದವು. ಪ್ರತಿ ದಿನ, ಪ್ರತಿ ಗುಂಪಿಗೆ, ಅದೇ ಎಂಟು ಸೊನ್ನೆ.

ಮೊದಲ ತುಂಡಿನಲ್ಲಿ ಗುಂಪಿನ ಹೆಸರು, ಎರಡನೆಯದರಲ್ಲಿ ಬೆಲೆ. ಹೆಸರು ಬದಲಾಗದ್ದರಿಂದ ಚೀಟಿಯ ಮೊದಲ ಸಾಲು ದಿನವೂ ಒಂದೇ ಇರುತ್ತಿತ್ತು. ಅದು ಗುಂಪಿನ ಗುರುತು ಎಂದು ಊರವರೆಲ್ಲ ತಿಳಿದಿದ್ದರು. ನಾನೂ. ಎರಡನೆಯ ಸಾಲು ಬೆಲೆ ಬದಲಾದರೆ ಮಾತ್ರ ಬದಲಾಗುತ್ತಿತ್ತು. ನಮ್ಮ ಬೆಳೆಗಾರರ ಬೆಲೆಯಾದರೂ ಎಷ್ಟು ಬಗೆ? ಕಾಲು ರೂಪಾಯಿ ಏರುತ್ತದೆ, ಅರ್ಧ ಇಳಿಯುತ್ತದೆ, ಮತ್ತೆ ಅಲ್ಲಿಗೇ ಬರುತ್ತದೆ. ಸಂಜೆ ಅಕ್ಷರ ಬರೆದುಕೊಂಡು ಬೆಳಿಗ್ಗೆ ಬಿಡಿಸಿದ ಬೆಲೆಯನ್ನು ಪಕ್ಕದಲ್ಲಿ ಗುರುತು ಹಾಕಿಕೊಂಡರೆ, ಕೆಲವು ದಿನಗಳಲ್ಲಿ ಯಾವ ಅಕ್ಷರಕ್ಕೆ ಯಾವ ಬೆಲೆ ಎಂದು ತಿಳಿದುಹೋಗುತ್ತದೆ. ಕೀಲಿ ಬದಲಿಸಿದಾಗ ಅವರು ಮೊದಲಿಂದ ಕಲಿಯಬೇಕಾಯಿತು, ಅಷ್ಟೆ. ಸೂತ್ರವನ್ನು ಯಾರೂ ಮುರಿದಿರಲಿಲ್ಲ. ಯಾರೂ ಅದನ್ನು ಮುಟ್ಟಿಯೂ ಇರಲಿಲ್ಲ. ಅದರ ಪಕ್ಕದಲ್ಲಿ ಸುಮ್ಮನೆ ನಿಂತು ಕಾದಿದ್ದರು.

ಮಾಲೀಕರು ಹೊರಡುವ ಮುಂಚೆ ಬಾಗಿಲಲ್ಲಿ ನಿಂತು, “ಏನಾದರೂ ಸಿಕ್ಕಿತಾ?” ಎಂದರು. ಅವಳು ಪಕ್ಕದ ಕೋಣೆಯಲ್ಲಿದ್ದಳು. ಕುರ್ಚಿಯ ಗಾಲಿ ಕಿರಗುಡುತ್ತಿತ್ತು. ಒಂದು ವಾಕ್ಯ ಸಾಕಾಗಿತ್ತು. ದಿಂಡಿಗಲ್ ಆ ವಾಕ್ಯದ ಆಚೆಯ ತುದಿಯಲ್ಲಿತ್ತು.

“ನಾಳೆ ಸಭೆಯಲ್ಲಿ ಹೇಳ್ತೀನಿ ಸಾರ್,” ಎಂದೆ.

ಯಾಕೆ ಹಾಗೆಂದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಒಳ್ಳೆಯತನವಲ್ಲ. ಮೊದಲು ಅವಳಿಗೆ ಹೇಳಬೇಕು, ಹೇಳುವಾಗ ಅವಳ ಮುಖ ಹತ್ತಿರದಿಂದ ನೋಡಬೇಕು ಎಂದಿತ್ತು. ಮಾಲೀಕರ ಮೂಲಕ ಹೋದರೆ ಆ ನೋಟ ನನ್ನದಾಗುತ್ತಿರಲಿಲ್ಲ. ಆ ಬಯಕೆಯೇ ಕೊನೆಗೆ ಮರ್ಯಾದೆಯ ಕೆಲಸ ಮಾಡಿಸಿತು ಎಂಬುದು ವಿಚಿತ್ರ.

ಮರುದಿನ ಮಾಲೀಕರು ಸ್ಕೂಟರಿನಲ್ಲಿ ಮುಂದೆ ಹೋದರು. ನಾವಿಬ್ಬರು ಬಸ್ಸಿನಲ್ಲಿ. ಚಿನ್ನಮನೂರಿನಲ್ಲಿ ಇಳಿದು ಓಡೈಪಟ್ಟಿಯ ಟೌನ್ ಬಸ್ಸು ಹತ್ತಿ ಕೂತ ಮೇಲೆ ಹೇಳಿದೆ, “ಆರಂಭದ ತುಂಡು ಸೊನ್ನೆ ಇಟ್ಟಿದ್ದೀಯ.”

ಅವಳ ಮುಖ ಕೆಂಪಾಗಲಿಲ್ಲ, ಬಿಳುಪೇರಲಿಲ್ಲ. ಕಿಟಕಿಯಾಚೆಯ ದ್ರಾಕ್ಷಿ ಚಪ್ಪರದ ಸಾಲುಗಳನ್ನೇ ನೋಡುತ್ತಿದ್ದಳು.

“ಮೊದ್ಲು ದಿನಾ ಬ್ಯಾರೆ ಬ್ಯಾರೆ ಬರಂಗೇ ಬರ್ದಿದ್ದೆ ಅಕ್ಕಾ,” ಎಂದಳು ಆಮೇಲೆ. “ತೋರ್ಸಕ್ಕೋದಾಗ ಮಾಮ ಒಂದು ಬೆಲೆ ಎರಡು ದಪ ಒತ್ತಿ ನೋಡುದ್ರು. ಎರಡು ತರ ಬಂತು. ಎದ್ದು ನಿಂತ್ಕಂಡ್ಬುಟ್ರು. ‘ಇದೇನ್ ಪುಳ್ಳೆ, ಒಂದೇ ಬುಟ್ಟಿ ಎರಡು ದಪ ತೂಗುದ್ರೆ ಎರಡು ತೂಕ ಬತ್ತದಾ? ಈ ತಕ್ಕಡಿ ನಮಗೆ ಬ್ಯಾಡ’ ಅಂದ್ರು. ಎಷ್ಟು ಹೇಳುದ್ರೂ ಕೇಳ್ಲಿಲ್ಲ. ಅದ್ಕೆ ಸೊನ್ನೆ ಮಾಡ್ದೆ.”

ನನಗೆ ಗೊತ್ತಿತ್ತು ಆ ಪರೀಕ್ಷೆ. ನಮ್ಮ ಜನ ಹೊಸ ತಕ್ಕಡಿ ಕಂಡರೆ ಮೊದಲು ಖಾಲಿ ಬುಟ್ಟಿ ಇಡುತ್ತಾರೆ, ತೆಗೆಯುತ್ತಾರೆ, ಮತ್ತೆ ಇಡುತ್ತಾರೆ. ಮುಳ್ಳು ಅದೇ ಜಾಗಕ್ಕೆ ಬಂದರೆ ಮಾತ್ರ ಹಣ್ಣು. ಹಿಂದಿನ ದಿನ ನನ್ನ ಯಂತ್ರದ ಮುಂದೆ ನಾನೂ ಅದನ್ನೇ ಮಾಡಿದ್ದೆ, ಹಾಗೆಯೇ ಸಮಾಧಾನಪಟ್ಟಿದ್ದೆ.

“ಈಗ ಬದಲಾಯಿಸಿದ್ರೆ ಮಾಮ ಒಪ್ತಾರಾ?” ಎಂದೆ.

“ಆರಂಭದ ತುಂಡನ್ನ ಮಾಮನೇ ಒತ್ಲಿ,” ಎಂದಳು, ಯೋಚಿಸಲು ಹೊತ್ತೇ ತೆಗೆದುಕೊಳ್ಳದೆ. “ಕಣ್ಣು ಮುಚ್ಕಂಡು ಎಂಟು ಕೀ. ಅವ್ರ ಕೈಯಾರೆ ಒತ್ತಿದ್ದು ದಿನಾ ಬ್ಯಾರೆ ಆದ್ರೆ, ಚೀಟೀನೂ ಬ್ಯಾರೆ ಆಯ್ತದೆ ಅಂತ ಅವ್ರಿಗೇ ತಿಳೀತದೆ.”

ಸರಳವಾಗಿತ್ತು. ಇಡೀ ಸಂಜೆ ಕೂತರೂ ನನಗೆ ಹೊಳೆದಿರಲಿಲ್ಲ. ಹಳೆಯ ಹೊಟ್ಟೆಕಿಚ್ಚು ಎದ್ದಿತು.

“ಮಾಮ ದಿನಾ ಒಂದೇ ಕೀ ಎಂಟು ಸಲ ಗುದ್ದಿದ್ರೆ?” ಎಂದೆ.

ಅವಳು ನನ್ನನ್ನು ನೋಡಿದಳು. “ಗುದ್ತಾರೆ,” ಎಂದಳು. “ಖಂಡಿತ ಗುದ್ತಾರೆ.” ಇಬ್ಬರಿಗೂ ನಗು ಬಂತು. ಮಾಮನ ಹೆಬ್ಬೆರಳು ನಮ್ಮಿಬ್ಬರ ಕಣ್ಣ ಮುಂದೆಯೂ ಇತ್ತು. ಕೊನೆಗೆ ಅವರು ಒತ್ತಿದ್ದರ ಜೊತೆಗೆ ಯಂತ್ರದ ಗಡಿಯಾರದ ಆ ಕ್ಷಣವನ್ನೂ, ಒಂದು ಒತ್ತಿನಿಂದ ಇನ್ನೊಂದಕ್ಕೆ ಅವರು ತೆಗೆದುಕೊಂಡ ಹೊತ್ತನ್ನೂ ಸೇರಿಸಿ, ಎಲ್ಲವನ್ನೂ ಒಮ್ಮೆ ಸೂತ್ರದೊಳಗೇ ಹಾಯಿಸಿ, ಬಂದದ್ದನ್ನು ಆರಂಭದ ತುಂಡಾಗಿ ಬಳಸುವುದು, ಕೀಲಿಯಿಲ್ಲದವರಿಗೆ ಅದರಿಂದ ಏನೂ ತಿಳಿಯದಾದ್ದರಿಂದ, ಬೆಳಿಗ್ಗೆ ಬಿಡಿಸಲು ಬೇಕಾಗುವ ಅದನ್ನು ಚೀಟಿಯ ತಲೆಯ ಮೇಲೆ ಬಯಲಾಗಿಯೇ ಅಚ್ಚು ಹಾಕುವುದು ಎಂದು ಬಸ್ಸಿನಲ್ಲೇ ಗೊತ್ತುಮಾಡಿದೆವು. ಅವಳು ಹೇಳಿದ್ದರಲ್ಲಿ ತೂತು ನಾನು ತೋರಿಸಿದೆ, ತೂತನ್ನು ಅವಳು ಮುಚ್ಚಿದಳು. ಊರು ಬಂದದ್ದೇ ತಿಳಿಯಲಿಲ್ಲ. ಆ ಒಂದು ಪ್ರಯಾಣದಷ್ಟು ಹೊತ್ತು ನನಗೆ ಯಾರ ಮೇಲೂ ಏನೂ ಇರಲಿಲ್ಲ ಎಂದು ನೆನಪು. ಈ ನೆನಪನ್ನು ಮಾತ್ರ ನಾನು ಪರೀಕ್ಷೆ ಮಾಡಲು ಹೋಗುವುದಿಲ್ಲ.

ಸಭೆಯಲ್ಲಿ ನಾನು ಏಳುವ ಮೊದಲೇ ಅವಳು ಎದ್ದಳು. “ತಪ್ಪು ನಂದು ಮಾಮಾ,” ಎಂದಳು. “ಸೂತ್ರ ಗಟ್ಟಿ ಅದೆ. ಅದ್ರೊಳಗೆ ನಾನು ಸೊನ್ನೆ ಇಟ್ಟಿದ್ದು ಸರಿ ಇಲ್ಲ. ನೀವು ತಕ್ಕಡಿ ಕೇಳಿದ್ರಿ, ನಾನು ತಕ್ಕಡಿ ಮಾಡ್ಕೊಟ್ಟೆ. ನಿಮಗೆ ಬೇಕಿದ್ದು ಬೀಗ. ಕಂಡುಹಿಡ್ದೋಳು ನಮ್ಮಕ್ಕ.” ಎಲ್ಲರೂ ಒಂದು ಗಳಿಗೆ ನನ್ನ ಕಡೆ ತಿರುಗಿದರು. ನಾನು ಆರಂಭದ ತುಂಡಿನ ವಿವರ ಶುರುಮಾಡುವಷ್ಟರಲ್ಲಿ ಮತ್ತೆ ಅವಳ ಕಡೆಗೇ ತಿರುಗಿದರು.

ಮಾಮ ಹೆಗಲ ಟವೆಲ್ಲು ಕೊಡವಿ ಹಾಕಿಕೊಂಡರು. “ನೋಡ್ರಪ್ಪಾ, ಯಾಪಾರಿ ತಪ್ಪು ಮಾಡುದ್ರೆ ನಮ್ ಮ್ಯಾಲೆ ಹಾಕ್ತಾನೆ, ಅಧಿಕಾರಿ ಮಾಡುದ್ರೆ ಮಳೆ ಮ್ಯಾಲೆ ಹಾಕ್ತಾನೆ. ಈ ಪುಳ್ಳೆ ನಂದು ಅಂತಾಳೆ. ಇಂತೋಳ್ನ ಬುಟ್ಟು ಯಾರ್ನ ನಂಬಾದು?”

ಯಂತ್ರ ಉಳಿಯಿತು. ಆ ಸಂಜೆಯೇ ಮಾಮ ಕಣ್ಣು ಮುಚ್ಚಿ ಎಂಟು ಸಲ ಕೀ ಒತ್ತಿದರು. ಎಂಟಕ್ಕೂ ಒಂದೇ. ಒಂದೇ ಬೆಲೆ ಎರಡು ಸಲ ಹಾಕಿ, ಬಂದ ಎರಡು ಬೇರೆ ಬೇರೆ ಚೀಟಿಗಳನ್ನು ಹಿಡಿದು, ತಾನೇ ಮಾಡಿದ್ದೆಂಬಂತೆ ಎಲ್ಲರಿಗೂ ತೋರಿಸಿದರು. ಬೋರ್ಡಿನ ಮುಂದೆ ಗುಮಾಸ್ತ ಬಹಳ ಹೊತ್ತು ನಿಂತಿದ್ದ. ಆಮೇಲೆ ಒಳಗೆ ಬಂದು, “ಎನ್ನಮ್ಮಾ, ಮಿಷಿನ್ ಕೆಟ್ಟುಪೋಚ್ಚಾ?” ಎಂದು ತಮಿಳಿನಲ್ಲಿ ಕೇಳಿದ. ಅದಕ್ಕಿಂತ ಒಳ್ಳೆಯ ಪ್ರಮಾಣಪತ್ರ ನಮಗೆ ಸಿಕ್ಕಿಲ್ಲ. ಮರುದಿನದ ಕೂಗು ಏರುತ್ತಲೇ ಹೋಗಿ ಎಂದಿಗಿಂತ ತಡವಾಗಿ ಮುಗಿಯಿತೆಂದು ಮಾಮ ಫೋನು ಮಾಡಿದರು, ಅವಳಿಗೆ.

ದಿಂಡಿಗಲ್ ಶಾಖೆಯೂ ಅವಳಿಗೇ ಹೋಯಿತು. ಮಾಲೀಕರು ನನ್ನನ್ನು ಕರೆದು, ನೀನು ಇಲ್ಲಿದ್ದು ಅವಳು ಬರೆದದ್ದನ್ನೆಲ್ಲ ತಪಾಸಣೆ ಮಾಡು, ನಿನ್ನ ಕಣ್ಣಿಗೆ ಬೀಳದ್ದು ಯಾವುದಿದೆ ಎಂದರು. ಹೊಗಳಿಕೆಯೇ ಅದು. ತಪ್ಪು ಮಾಡಿದವಳಿಗೆ ಶಾಖೆ, ಹುಡುಕಿದವಳಿಗೆ ಇನ್ನಷ್ಟು ತಪ್ಪು ಹುಡುಕುವ ಕೆಲಸ. ಮನೆಗೆ ನಡೆದು ಬರುವಾಗ ನಾನು ಲೆಕ್ಕ ಹಾಕಿದ್ದು ಬೇರೆ. ಮಾಲೀಕರಿಗೆ ಆ ದಿನ ಬಾಗಿಲಲ್ಲೇ ಹೇಳಿಬಿಟ್ಟಿದ್ದರೆ, ಸಭೆಯಲ್ಲಿ ಮೊದಲು ಏಳಲು ಅವಳಿಗೆ ಅವಕಾಶವೇ ಇರುತ್ತಿರಲಿಲ್ಲ. ಎದ್ದು ನಿಲ್ಲುವ ಗತ್ತನ್ನು ಅವಳಿಗೆ ಕೊಟ್ಟವಳು ನಾನು. ಅದನ್ನು ಅವಳು ಅಷ್ಟು ಚೆನ್ನಾಗಿ ಬಳಸಿದ್ದಕ್ಕೂ ಹೊಟ್ಟೆಕಿಚ್ಚುಪಟ್ಟೆ.

ಅವಳು ದಿಂಡಿಗಲ್ಲಿಗೆ ಹೊರಟ ದಿನ ಬಸ್ ಸ್ಟ್ಯಾಂಡಿಗೆ ನಾನೇ ಹೋಗಿದ್ದೆ. ಚೀಲ ಎತ್ತಿಕೊಟ್ಟೆ. ಅವಳು ಸೀಟು ಹಿಡಿದು ಕಿಟಕಿಗೆ ಬಂದಳು. ಅವಳು ನನ್ನಂತೆಯೇ ಎಂದು ನನಗೆ ತಿಳಿಯಬೇಕಿತ್ತು, ಅಥವಾ ನನ್ನಂತೆ ಅಲ್ಲವೇ ಅಲ್ಲ ಎಂದು. ಯಾವುದಾದರೂ ಒಂದು. ಮಾತು ಬಾಯಿಗೆ ಬಂದದ್ದು ಎಂಜಿನ್ ಶುರುವಾದ ಮೇಲೆ. ಕೇಳಿಸಿತೆಂದು ನನಗೆ ಖಾತ್ರಿಯಿದೆ, ಏಕೆಂದರೆ ಅವಳ ನಗು ಅಲ್ಲಿಗೇ ನಿಂತಿತು. ಆಮೇಲೆ ಎಷ್ಟು ಮದುವೆ, ಎಷ್ಟು ಹಬ್ಬಗಳಲ್ಲಿ ಜೊತೆಯಲ್ಲಿ ಕೂತು ಉಂಡಿದ್ದೇವೆ. ಅವಳು ಆ ಮಾತೆತ್ತಿಲ್ಲ. ನಾನು ಮತ್ತೆ ಕೇಳಿಲ್ಲ.

ಕೇಳಿದ್ದು ಇಷ್ಟೇ: “ಆ ಸೊನ್ನೆ ಇಟ್ಟೋಳು ನಾನಾಗಿ, ಕಂಡೋಳು ನೀನಾಗಿದ್ರೆ, ಮೊದ್ಲು ಯಾರ್ಗೆ ಹೇಳ್ತಿದ್ದೆ?”